ಚೆಕ್ ಯಾರ ಹೆಸರಿಗೆ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಆಸ್ಟ್ರೇಲಿಯಾದ ನಮ್ಮ ಸಂಘದ ಕಳೆದ ಸಮಿತಿ ಸಭೆಯಲ್ಲಿ ನಾನೊಂದು ಮಾತು ಮುಂದಿಟ್ಟೆ. ಈ ವರ್ಷದ ಸಹಾಯನಿಧಿಯ ಒಂದು ಪಾಲನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರದ ಕಾಯಿಲೆಯ ಸಂಶೋಧನೆಗೆ ಕೊಡೋಣ ಅಂದೆ. ಬೇಡ ಅಂತ ಯಾರೂ ಹೇಳಲಿಲ್ಲ. ಖಜಾಂಚಿಯವರು ಮಾತ್ರ ನ್ಯಾಯವಾದ ಒಂದು ಪ್ರಶ್ನೆ ಕೇಳಿದರು: "ಸರಿ, ಚೆಕ್ ಯಾರ ಹೆಸರಿಗೆ ಬರೆಯೋದು?"

ಕಾಸರಗೋಡಿನಿಂದ ಬಂದ ನನಗೆ ಆ ಪ್ರಶ್ನೆ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮೂರಲ್ಲಿ ಯಾರಿಗಾದರೂ ದೊಡ್ಡ ಆಪರೇಷನ್ ಆಗಬೇಕು ಅಂದರೆ ಶಾಲೆ ಮೈದಾನದಲ್ಲಿ ಸಹಾಯಾರ್ಥ ಯಕ್ಷಗಾನ ಇಡುತ್ತಾರೆ. ನಡುವೆ ಡಬ್ಬಿ ಬರುತ್ತದೆ. ಯಾರಿಗಾಗಿ ಅಂತ ಎಲ್ಲರಿಗೂ ಗೊತ್ತು, ಅವರ ಮನೆಯವರು ಎದುರಿಗೇ ಕೂತಿರುತ್ತಾರೆ. ಹಾಗೆ ಮುಖ ನೋಡಿ ಕೊಟ್ಟೇ ನಮಗೆ ರೂಢಿ. ಸಂಶೋಧನೆಗೆ ಮುಖ ಇಲ್ಲ. ಕೈ ಹಿಂದಕ್ಕೆ ಬರುವುದು ಸಹಜ.

ಆದ್ದರಿಂದ ಮೊದಲು ಒಂದು ಮುಖ ತೋರಿಸುತ್ತೇನೆ.

ಕಳೆದ ಎಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಚಿಕ್ಕಮ್ಮನ ಮನೆ. ಚಿಕ್ಕಮ್ಮನ ಮಗಳು ಚಾವಡಿಯಲ್ಲಿ ಕೂತಿದ್ದಳು. ಕುತ್ತಿಗೆಗೆ ಒದ್ದೆ ಬೈರಾಸು, ಎರಡೂ ಕಾಲು ತಣ್ಣೀರಿನ ಬಾಲ್ದಿಯಲ್ಲಿ. "ಸೆಕೆ ಏರಿದರೆ ಕಾಲು ನನ್ನ ಮಾತು ಕೇಳುವುದಿಲ್ಲ" ಅಂದಳು. ಅವಳು ಕನ್ನಡ ಮಾಧ್ಯಮ ಶಾಲೆಯ ಟೀಚರ್. ಎಂಟು ವರ್ಷ ಹಿಂದೆ ಒಂದು ದಿನ, ಬೋರ್ಡಿನಲ್ಲಿ ತಾನೇ ಬರೆದ ಅಕ್ಷರ ಎಡಗಣ್ಣಿಗೆ ಮಂಜಾಯಿತು. ಮಕ್ಕಳ ಕೆಂಪು ರಿಬ್ಬನ್ ಮಾಸಿದ ಹಾಗೆ ಕಂಡಿತು. ಕೆಲವು ವಾರದಲ್ಲಿ ತಾನಾಗಿಯೇ ಸರಿಹೋಯಿತು. ಆಮೇಲೆ ಚಾಕ್‌ಪೀಸ್ ಬೆರಳಿನಿಂದ ಜಾರತೊಡಗಿತು. ಒಂದು ಸಂಜೆ ಹಂಡೆಯ ಬಿಸಿನೀರಿನಲ್ಲಿ ಮಿಂದವಳಿಗೆ ಬಚ್ಚಲಿನಿಂದ ಎದ್ದು ಬರಲಿಕ್ಕೇ ಆಗಲಿಲ್ಲ. ವಾತ ಅಂದರು, ಟೆನ್ಷನ್ ಅಂದರು, ಹರಕೆ ಹೇಳಿಕೊಂಡರು. ಕೊನೆಗೆ ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು.

ನಮ್ಮೂರಲ್ಲಿ ನರದ ಕಾಯಿಲೆ ಅಂದ ಕೂಡಲೇ ಎಲ್ಲರ ಮನಸ್ಸು ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಡೆ ಓಡುತ್ತದೆ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಮದ್ದು ಬಿಟ್ಟದ್ದನ್ನು ಕಂಡವರು ಹಾಗೆ ಕೇಳಿದರೆ ತಪ್ಪಿಲ್ಲ. ಆದರೆ ಎಂಎಸ್ ಬೇರೆಯೇ ಕಾಯಿಲೆ. ಗೇರು ತೋಟವೇ ಇಲ್ಲದ ಚಳಿ ದೇಶಗಳಲ್ಲಿ ಇದು ನಮಗಿಂತ ಜಾಸ್ತಿ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು, ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಎಂಬ ಹೊದಿಕೆಯನ್ನು ತಿನ್ನುತ್ತದೆ. ತೋಟದ ಪಂಪಿನ ವಯರನ್ನು ಇಲಿ ಕಡಿದ ಹಾಗೆ. ಪಂಪು ಸರಿ ಇದೆ, ಕರೆಂಟೂ ಇದೆ, ನೀರು ಮಾತ್ರ ಬರುವುದಿಲ್ಲ. ಹೆಚ್ಚಾಗಿ 20ರಿಂದ 40 ವರ್ಷದ ಒಳಗಿನವರಿಗೆ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಜಗತ್ತಿನಲ್ಲಿ 28 ಲಕ್ಷಕ್ಕಿಂತ ಹೆಚ್ಚು ಜನರಿಗೆ ಇದೆ, ನಾವಿರುವ ಈ ಆಸ್ಟ್ರೇಲಿಯಾದಲ್ಲೇ 33,000ಕ್ಕಿಂತ ಹೆಚ್ಚು.

ಈಗ ಆ ಬೆನ್ನಿನ ನೀರಿನ ಪರೀಕ್ಷೆಗೆ ಬರುತ್ತೇನೆ. 1945ರ ಮೇ 1ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಸಣ್ಣ ಜಾಹೀರಾತು ಬಂತು. ಈ ಕಾಯಿಲೆ ಬಂದು ಗುಣವಾದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ ಅಂತ. ಹಾಕಿದವರು ಸಿಲ್ವಿಯಾ ಲಾರಿ. ಅವರ ತಮ್ಮನಿಗೆ ಎಂಎಸ್ ಇತ್ತು. ಪತ್ರಗಳು ಬಂದವು. ಬರೆದವರು ಗುಣವಾದವರಲ್ಲ, ಅದೇ ಕಾಯಿಲೆಯಿಂದ ನರಳುತ್ತಿದ್ದವರು ಮತ್ತು ಅವರ ಮನೆಯವರು. ನಿಮಗೇನಾದರೂ ಗೊತ್ತಾದರೆ ನಮಗೂ ಹೇಳಿ ಅಂತ ಕೇಳಿದ್ದರು. ಮರುವರ್ಷ ಲಾರಿ ಅವರು ಇಂಥವರನ್ನೆಲ್ಲ ಸೇರಿಸಿ ಒಂದು ಸಂಘ ಕಟ್ಟಿದರು. ಅದೇ ಇವತ್ತಿನ ಅಮೆರಿಕದ ನ್ಯಾಷನಲ್ ಎಂಎಸ್ ಸೊಸೈಟಿ. ಅವರ ಮೊದಲ ಸಂಶೋಧನಾ ಅನುದಾನ ಹೋದದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ಎಲ್ವಿನ್ ಕಬಾಟ್ ಅವರಿಗೆ. ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ರೋಗನಿರೋಧಕ ಪ್ರೋಟೀನು ಜಾಸ್ತಿ ಇರುವುದರ ಮೇಲೆ ಅವರು ಕೆಲಸ ಮಾಡುತ್ತಿದ್ದರು. ನನ್ನ ತಂಗಿಯ ಬೆನ್ನಿನಿಂದ ತೆಗೆದ ನೀರಿನಲ್ಲಿ ಹುಡುಕಿದ್ದೂ ಅದೇ ಜಾತಿಯ ಪ್ರೋಟೀನನ್ನು.

ನ್ಯೂಯಾರ್ಕಿನಲ್ಲಿ ಯಾರೋ ತಮ್ಮ ತಮ್ಮಂದಿರಿಗಾಗಿ, ಮಕ್ಕಳಿಗಾಗಿ ಕೂಡಿಸಿದ ದುಡ್ಡು. ಅವರಿಗೆ ಬದಿಯಡ್ಕ ಎಲ್ಲಿದೆ ಅಂತ ಗೊತ್ತಿತ್ತಾ?

ನಮ್ಮ ಅಡಕೆ ತೋಟದ ಕಥೆಯೂ ಇಂಥದ್ದೇ ಅಲ್ವಾ. ಮಳೆ ಹಿಡಿಯುವ ಮೊದಲು ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡುವುದು ಈಗ ಯಾರಿಗೂ ಹೊಸತಲ್ಲ. ಮೊದಲೆಲ್ಲ ಮಲೆನಾಡಿನಲ್ಲಿ ಮಳೆ ತಾಗದ ಹಾಗೆ ಗೊನೆಗೆ ಕೊಟ್ಟೆ ಕಟ್ಟಿ ಹೇಗೋ ಉಳಿಸಿಕೊಳ್ಳುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಶಿಲೀಂಧ್ರದ ಬೆನ್ನು ಹತ್ತಿದರು. ಇದೇ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆದರೆ ಗೊನೆ ಉಳಿಯುತ್ತದೆ ಅಂತ ಬೆಳೆಗಾರರಿಗೆ ತೋರಿಸಿಕೊಟ್ಟರು. ಅವರಿಗೆ ಸಂಬಳ ಕೊಟ್ಟದ್ದು ಮೈಸೂರು. ನಮ್ಮ ಕಾಸರಗೋಡು ಆಗ ಮದ್ರಾಸಿನ ಕೆಳಗಿತ್ತು. ಆದರೂ ಆ ಮದ್ದು ಗಡಿ ದಾಟಿ ನನ್ನ ಅಜ್ಜನ ತೋಟಕ್ಕೂ ಬಂತು. ಕೊಳೆತ ಅಡಕೆಗೆ ಪರಿಹಾರ ಹಂಚುತ್ತಾ ಕೂತಿದ್ದರೆ ಇವತ್ತಿಗೂ ಹಂಚುತ್ತಲೇ ಇರಬೇಕಿತ್ತು.

ಔಷಧ ಕಂಪನಿಗಳು ಇಲ್ಲವಾ, ಅವರೇ ಮಾಡಲಿ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಕಂಪನಿಗಳು ಮಾಡಿವೆ, ಇಲ್ಲ ಅನ್ನುವುದಿಲ್ಲ. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬಂದ ಮೇಲೆ ಮದ್ದುಗಳ ಸಾಲೇ ಬಂತು. ಅವು ಹೊಸ ಏಟು ಬೀಳುವುದನ್ನು ಕಡಿಮೆ ಮಾಡುತ್ತವೆ. ಈಗಾಗಲೇ ತಿಂದು ಹೋದ ಹೊದಿಕೆಯನ್ನು ಮತ್ತೆ ಬೆಳೆಸುವ ಮದ್ದು ಇನ್ನೂ ಕೈಗೆ ಬಂದಿಲ್ಲ. ಅದಕ್ಕೆ ನಡೆದಿರುವ ಒಂದು ಪ್ರಯತ್ನ ಕೇಳಿ ನನಗೆ ಆಶ್ಚರ್ಯವಾಯಿತು. ನಮ್ಮ ಅಪ್ಪ ಅಮ್ಮಂದಿರ ಮಾತ್ರೆ ಡಬ್ಬಿಯಲ್ಲಿ ಇರುವ ಅದೇ ಮೆಟ್‌ಫಾರ್ಮಿನ್, ಸಕ್ಕರೆ ಕಾಯಿಲೆಯದ್ದು! ಅದರ ಜೊತೆ ಅಲರ್ಜಿಯ ಒಂದು ಹಳೇ ಮಾತ್ರೆ, ಕ್ಲೆಮಾಸ್ಟೀನ್, ಕೊಟ್ಟು ಕೇಂಬ್ರಿಜ್‌ನಲ್ಲಿ ಪರೀಕ್ಷೆ ನಡೆಸಿದ್ದಾರೆ. ದುಡ್ಡು ಕೊಟ್ಟದ್ದು ಬ್ರಿಟನ್ನಿನ ಎಂಎಸ್ ಸೊಸೈಟಿ, ಅಂದರೆ ದಾನಿಗಳು. ಪೇಟೆಂಟ್ ಮುಗಿದ ಅಗ್ಗದ ಮಾತ್ರೆಗೆ ಕಂಪನಿ ಯಾಕೆ ಖರ್ಚು ಮಾಡುತ್ತದೆ ಹೇಳಿ?

ಎಲ್ಲ ಪರೀಕ್ಷೆಯೂ ಫಲ ಕೊಡುವುದಿಲ್ಲ, ಅದನ್ನೂ ಹೇಳಿಬಿಡಬೇಕು. ವಿಟಮಿನ್ ಡಿ ಕೊಟ್ಟರೆ ಎಂಎಸ್ ತಡೆಯಬಹುದಾ ಅಂತ ಇಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ದಾನದ ಹಣದಲ್ಲೇ ಪರೀಕ್ಷೆ ಮಾಡಿದರು. ಉಪಯೋಗ ಕಾಣಲಿಲ್ಲ. ಫ್ರಾನ್ಸಿನ ಇನ್ನೊಂದು ಪರೀಕ್ಷೆ ಬೇರೆಯೇ ಉತ್ತರ ಕೊಟ್ಟಿತು. ಹುಡುಕಾಟ ನಡೆದಿದೆ. ಆ "ಇಲ್ಲ" ಎಂಬ ಉತ್ತರಕ್ಕೂ ಯಾರಾದರೂ ದುಡ್ಡು ಕೊಡಲೇಬೇಕಿತ್ತು.

ಆದ್ದರಿಂದ ಖಜಾಂಚಿಯವರೇ, ಚೆಕ್ ಎಂಎಸ್ ಆಸ್ಟ್ರೇಲಿಯಾದ ಹೆಸರಿಗೆ. ಮೇ ತಿಂಗಳಲ್ಲಿ 50 ಕಿಲೋಮೀಟರ್ ನಡೆದು ಇಲ್ಲವೇ ಓಡಿ ಈ ಸಂಶೋಧನೆಗೆ ಹಣ ಕೂಡಿಸುವ ಕಾರ್ಯಕ್ರಮ ಇಲ್ಲಿ ಪ್ರತಿವರ್ಷ ನಡೆಯುತ್ತದೆ. ನಮ್ಮ ಸಂಘದ್ದೂ ಒಂದು ತಂಡ ಇರಲಿ. ದಿನಕ್ಕೆ ಎರಡು ಕಿಲೋಮೀಟರ್ ಕೂಡ ಆಗುವುದಿಲ್ಲ, ಅಜ್ಜ ಅಜ್ಜಿಯಂದಿರೂ ಸೇರಬಹುದು. ಮೇ 30 ವಿಶ್ವ ಎಂಎಸ್ ದಿನ, ಅದರ ಹತ್ತಿರದ ಶನಿವಾರ ಒಂದು ತಾಳಮದ್ದಳೆ ಇಟ್ಟು ಡಬ್ಬಿ ಹಿಡಿಯೋಣ. ಊರಿನ ರೋಗಿಗಳಿಗೂ ಒಂದು ಪಾಲು ಬೇಕು ಅನ್ನುವವರಿಗೆ, 1985ರಲ್ಲಿ ಶುರುವಾದ ಭಾರತದ ಎಂಎಸ್ ಸೊಸೈಟಿ ಇದೆ. ಎರಡರ ಲೆಕ್ಕವನ್ನೂ ಬೇರೆ ಬೇರೆ ಇಟ್ಟು ಇದೇ ಪತ್ರದಲ್ಲಿ ಪ್ರಕಟಿಸುತ್ತೇವೆ.

2020ರಲ್ಲಿ ಕೊರೊನಾ ಅಂತ ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನನ್ನ ತಂಗಿಯ ಮದ್ದು ಆಚೆ, ಅವಳು ಈಚೆ. ಆ ದಿನಗಳನ್ನು ನೆನೆದರೆ ಚಿಕ್ಕಮ್ಮ ಈಗಲೂ ಮಾತು ನಿಲ್ಲಿಸಿಬಿಡುತ್ತಾರೆ. ಮೊನ್ನೆ ಫೋನಿನಲ್ಲಿ ತಂಗಿಗೆ ಈ ನಡಿಗೆಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಾವಡಿಯಿಂದ ಬಾವಿಕಟ್ಟೆಗೆ 22 ಹೆಜ್ಜೆ. ಬಿಸಿಲು ಏರುವ ಮೊದಲು ಹೋಗಿ ಬರುತ್ತೇನೆ. ನನ್ನದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ" ಅಂದಳು. ತಂಡದ ಪಟ್ಟಿಯಲ್ಲಿ ಮೊದಲ ಹೆಸರು ಅವಳದ್ದೇ ಬರೆದಿದ್ದೇನೆ.