ಮಾಲ್ ಪಾರ್ಕಿಂಗ್: ತೆಲಂಗಾಣದ ನಿಯಮ ಇಲ್ಲಿಗೂ ಬರಲಿ

ಮಾನ್ಯರೇ,

ಬೆಂಗಳೂರಿನ ಬಳ್ಳಾರಿ ರಸ್ತೆಯ ಬ್ಯಾಟರಾಯನಪುರದಲ್ಲಿ ಫೀನಿಕ್ಸ್ ಮಾಲ್ ಆಫ್ ಏಷ್ಯಾ ಶುರುವಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಆ ವರ್ಷ ಮುಗಿಯುವಷ್ಟರಲ್ಲಿ ಟ್ರಾಫಿಕ್ ಎಷ್ಟು ಹದಗೆಟ್ಟಿತ್ತೆಂದರೆ, ಜನವರಿ 15ರವರೆಗೆ ಅಲ್ಲಿಗೆ ಜನರನ್ನೇ ಬಿಡಬಾರದು ಎಂದು ನಗರ ಪೊಲೀಸ್ ಕಮಿಷನರ್ ಆದೇಶ ಹೊರಡಿಸಿದರು. ಮಾಲ್‌ನವರು ಹೈಕೋರ್ಟಿಗೆ ಹೋದರು, ಆದೇಶ ಉಳಿಯಲಿಲ್ಲ. ವಿಮಾನ ನಿಲ್ದಾಣಕ್ಕೆ ಹೋಗುವ ಮುಖ್ಯ ರಸ್ತೆಯ ಪಕ್ಕದಲ್ಲೇ ಇಷ್ಟು ದೊಡ್ಡ ಮಾಲ್‌ಗೆ ಒಪ್ಪಿಗೆ ಕೊಟ್ಟಿದ್ದೇಕೆ ಎಂದು ಈಗ ಕೇಳಿ ಫಲವಿಲ್ಲ. ಆದರೆ ಸರ್ಕಾರ ಈಗಲೂ ಮಾಡಬಹುದಾದ ಒಂದು ಕೆಲಸವಿದೆ. ಅದು ಪಾರ್ಕಿಂಗ್ ಶುಲ್ಕದ್ದು.

ಈ ಊರಿನ ಯಾವ ಮಾಲ್ ಹತ್ತಿರ ಬೇಕಾದರೂ ಶನಿವಾರ, ಭಾನುವಾರ ಹೋಗಿ ನೋಡಿ. ಸರ್ವಿಸ್ ರಸ್ತೆ, ಅಕ್ಕಪಕ್ಕದ ಬಡಾವಣೆಯ ಅಡ್ಡರಸ್ತೆ, ಎಲ್ಲ ಕಡೆ ಗಾಡಿಗಳು. ಒಳಗೆ ನಿಲ್ಲಿಸಿದರೆ ಗಂಟೆ ಲೆಕ್ಕದಲ್ಲಿ ದುಡ್ಡು ಏರುತ್ತಾ ಹೋಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಬಂದವರು ಯಾರದೋ ಮನೆ ಗೇಟಿನ ಮುಂದೆ ನಿಲ್ಲಿಸಿ ನಡೆದುಬಿಡುತ್ತಾರೆ. ಆ ಮನೆಯವರು ಕಾರು ಹೊರಗೆ ತೆಗೆಯಲಾಗದೆ ಬಯ್ದುಕೊಳ್ಳಬೇಕು, ಅಷ್ಟೇ.

ಪಾರ್ಕಿಂಗ್ ಅನ್ನೋದು ಮಾಲ್‌ನವರು ಮಾಡುವ ಉಪಕಾರವಲ್ಲ. ಅದಿಲ್ಲದೆ ಕಟ್ಟಡದ ನಕ್ಷೆಯೇ ಮಂಜೂರಾಗುವುದಿಲ್ಲ. ಆ ಜಾಗವನ್ನು, ನಿವೇಶನದಲ್ಲಿ ಒಟ್ಟು ಎಷ್ಟು ಕಟ್ಟಬಹುದು ಎಂಬ ಮಿತಿಯಾದ ಎಫ್‌ಎಆರ್ ಲೆಕ್ಕಕ್ಕೂ ಹಿಡಿಯುವುದಿಲ್ಲ. ಅಂದರೆ ಪಾರ್ಕಿಂಗ್ ಕೊಟ್ಟಿದ್ದಕ್ಕೆ ಅಂಗಡಿಗಳ ಜಾಗವೇನೂ ಕಡಿಮೆಯಾಗುವುದಿಲ್ಲ. ಮಾಲ್‌ಗಳು ಪಾರ್ಕಿಂಗ್ ಶುಲ್ಕ ವಸೂಲಿ ಮಾಡುವಂತಿಲ್ಲ ಎಂದು ಗುಜರಾತ್ ಹೈಕೋರ್ಟ್ 2019ರಲ್ಲಿ ಹೇಳಿತ್ತು.

ಪೂರ್ತಿ ಫ್ರೀ ಮಾಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಬೆಳಿಗ್ಗೆ ಕಾರು ನಿಲ್ಲಿಸಿ ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹತ್ತಿ ಊರಿಗೇ ಹೊರಟುಬಿಡುವವರೂ ಇರುತ್ತಾರೆ, ನಮ್ಮ ಜನ ತಾನೇ! ತೆಲಂಗಾಣ ಸರ್ಕಾರ 2018ರಲ್ಲಿ ಮಾಡಿದ ನಿಯಮ ಇದಕ್ಕಿಂತ ಚೆನ್ನಾಗಿದೆ. ಮೊದಲ ಅರ್ಧ ಗಂಟೆ ಎಲ್ಲರಿಗೂ ಉಚಿತ. ಒಂದು ಗಂಟೆಯವರೆಗೆ, ಏನಾದರೂ ಕೊಂಡ ಬಿಲ್ ತೋರಿಸಿದರೆ ಉಚಿತ. ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸಿದರೂ, ಬಿಲ್ ಮೊತ್ತ ಪಾರ್ಕಿಂಗ್ ಶುಲ್ಕವನ್ನು ಮೀರಿದ್ದರೆ ದುಡ್ಡಿಲ್ಲ. ಏನೂ ಕೊಳ್ಳದೆ ಸುಮ್ನೆ ಗಾಡಿ ಬಿಟ್ಟು ಹೋದವರು ಮಾತ್ರ ಕಟ್ಟಬೇಕು. ನ್ಯಾಯವಾಗಿಯೇ ಇದೆ ಅಲ್ವಾ?

ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ನಗರಾಭಿವೃದ್ಧಿ ಇಲಾಖೆ ಇಂಥದ್ದೇ ಆದೇಶ ಹೊರಡಿಸಬೇಕು. ಒಳಗೆ ಅರ್ಧ ಗಂಟೆ ಉಚಿತ ಎಂದಾದ ಮೇಲೆ ಅಡ್ಡರಸ್ತೆಯಲ್ಲಿ ಗಾಡಿ ಬಿಡುವವರಿಗೆ ಯಾವ ನೆಪವೂ ಉಳಿಯುವುದಿಲ್ಲ. ಆಗ ಸಂಚಾರ ಪೊಲೀಸರು ಮುಲಾಜಿಲ್ಲದೆ ದಂಡ ಹಾಕಲಿ.

– ಒಬ್ಬ ಓದುಗ, ಬ್ಯಾಟರಾಯನಪುರ, ಬೆಂಗಳೂರು