ಮೋಡ ಮೂಡಲಿಂದ, ಸುದ್ದಿ ಮಲೆನಾಡಿಂದ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪತ್ರಿಕೆಯ ಹವಾಮಾನ ಸುದ್ದಿ ಬಗ್ಗೆ ಒಂದು ತಕರಾರಿದೆ. ವರ್ಷವಿಡೀ ಇರುವ ತಕರಾರೇ, ಸೆಪ್ಟೆಂಬರ್‌ನಲ್ಲಿ ಸ್ವಲ್ಪ ಜಾಸ್ತಿ ಆಗುತ್ತದೆ. ‘ದಕ್ಷಿಣ ಒಳನಾಡಿನ ಕೆಲವೆಡೆ ಗುಡುಗು ಸಹಿತ ಸಾಧಾರಣ ಮಳೆ ಸಾಧ್ಯತೆ’ ಅಂತ ಒಂದು ಸಾಲು, ಪಕ್ಕದಲ್ಲಿ ಬೆಂಗಳೂರಿನ ಗರಿಷ್ಠ ಕನಿಷ್ಠ ತಾಪಮಾನ. ಮುಗೀತು. ಇದನ್ನು ಓದಿ ಕೋಲಾರದ ರೈತ ಏನು ಮಾಡಬೇಕು ಹೇಳಿ. ಟೊಮೆಟೊಗೆ ಇವತ್ತು ಔಷಧಿ ಹೊಡೆಯಬೇಕಾ, ನಾಳೆಗೆ ಬಿಡಬೇಕಾ? ತಡವಾಗಿ ಬಿತ್ತಿದ ರಾಗಿಗೆ ಯೂರಿಯಾ ಹಾಕಬೇಕಾ, ಬೇಡವಾ?

ಮೊದಲು ಈ ‘ದಕ್ಷಿಣ ಒಳನಾಡು’ ವಿಷಯ ತೆಗೆದುಕೊಳ್ಳಿ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಅಂತ ಮೂರು ಭಾಗ ಮಾಡಿದೆ. ಈ ಮೂರನೆಯದರಲ್ಲಿ ಕೊಡಗು ಇದೆ, ಆಗುಂಬೆ ಇರುವ ಶಿವಮೊಗ್ಗ ಇದೆ, ನಾವೂ ಇದ್ದೇವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೇಲೆ ಮಳೆ. ಪಾವಗಡದಲ್ಲಿ 600 ಮುಟ್ಟಿದರೆ ಜನ ಒಳ್ಳೆ ವರ್ಷ ಅಂತಾರೆ. ಇವೆರಡಕ್ಕೂ ಸೇರಿಸಿ ಒಂದೇ ಸಾಲು ಬರೆದರೆ ಅದು ಯಾರಿಗೂ ಆಗಲ್ಲ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಮಲೆನಾಡನ್ನು ಬೇರೆ ಮಾಡಿಯೇ ವರದಿ ಕೊಡುತ್ತಾರೆ. ನೀವೂ ಅದನ್ನೇ ಹಿಡಿಯಬಹುದಲ್ವಾ?

ನಮ್ಮ ಬಯಲುಸೀಮೆಯ ಲೆಕ್ಕವೇ ಬೇರೆ. ಜೂನ್, ಜುಲೈನಲ್ಲಿ ಟಿವಿ ತುಂಬಾ ಮುಂಗಾರು ಅಬ್ಬರ ಅಂತ ಬರುವಾಗ ಇಲ್ಲಿ ಬರೀ ಪಡುವಣ ಗಾಳಿ, ಮೇಲೆ ಓಡುವ ಮೋಡ, ಆಗೊಮ್ಮೆ ಈಗೊಮ್ಮೆ ಹನಿ. ಪಶ್ಚಿಮ ಘಟ್ಟ ದಾಟುವಷ್ಟರಲ್ಲಿ ಗಾಳಿಯಲ್ಲಿದ್ದ ನೀರು ಅಲ್ಲೇ ಸುರಿದು ಹೋಗಿರುತ್ತದೆ. ಆಗಸ್ಟ್ ಕೊನೆಗೆ ಆ ಗಾಳಿ ಸಡಿಲವಾಗುತ್ತದೆ. ಆಮೇಲೆ ಶುರು ನಮ್ಮ ಮಳೆಗಾಲ. ಬೆಳಿಗ್ಗೆ ಚುರುಗುಟ್ಟುವ ಬಿಸಿಲು, ಮಧ್ಯಾಹ್ನ ಸೆಕೆ, ಮೂರು ಗಂಟೆಗೆ ಮೂಡಲ ಕಡೆ ಕಪ್ಪು ಮೋಡ ಎದ್ದು, ಸಂಜೆ ಗುಡುಗು ಸಿಡಿಲಿನ ಜೊತೆ ಅರ್ಧ ಮುಕ್ಕಾಲು ಗಂಟೆ ಜೋರು ಮಳೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗೆ ವರ್ಷದ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನದೇ. ಹುಬ್ಬೆ ಕೈಕೊಟ್ಟರೆ ಉತ್ತರೆ, ಉತ್ತರೆಯೂ ಹೋದರೆ ಹಸ್ತ, ಚಿತ್ತೆ ಅಂತ ಜನ ಮಳೆ ನಕ್ಷತ್ರಗಳ ಲೆಕ್ಕ ಹಾಕುತ್ತಾ ಕೂರುವುದು ಇದಕ್ಕೇ.

ಈ ಸಂಜೆ ಮೋಡ ಅಗಲ ಅಂದರೆ ಕೆಲವೇ ಕಿಲೋಮೀಟರ್. ನಮ್ಮ ಮುಳಬಾಗಿಲು ತಾಲೂಕಲ್ಲೇ ನಂಗಲಿಯಲ್ಲಿ ಕೆರೆ ಕಾಲುವೆ ಹರಿದರೆ ಆವಣಿಯಲ್ಲಿ ಧೂಳು ಏಳುತ್ತಿರುತ್ತದೆ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಅಂತ ಹಳಬರು ಅಕ್ಟೋಬರ್ ಮಳೆಗೆ ಹೇಳಿದ್ದು ಸೆಪ್ಟೆಂಬರ್‌ಗೂ ಒಪ್ಪುತ್ತದೆ. ಹಾಗಾಗಿ ಯಾವ ಊರಿಗೆ ಬರುತ್ತದೆ ಅಂತ ಹಿಂದಿನ ದಿನವೇ ಹೇಳಿ ಅಂತ ನಾನು ಕೇಳುತ್ತಿಲ್ಲ, ಅದು ಯಾರಿಂದಲೂ ಆಗದ ಕೆಲಸ. ಆದರೆ ‘ಕೆಲವೆಡೆ’ ಅನ್ನುವುದಕ್ಕೆ ಇಲಾಖೆಯಲ್ಲಿ ಲೆಕ್ಕ ಇದೆ. ನೂರು ಮಳೆಮಾಪಕ ಇದ್ದರೆ 25ರವರೆಗೆ ಮಳೆ ಬಂದರೆ ಒಂದು ಹೆಸರು, 26ರಿಂದ 50ಕ್ಕೆ ಒಂದು, 75ರವರೆಗೆ ಇನ್ನೊಂದು, ಅದರ ಮೇಲೆ ಮತ್ತೊಂದು. ಆ ಅಂಕಿಯನ್ನೇ ಅಚ್ಚು ಮಾಡಿ ಸ್ವಾಮಿ. ನಾಲ್ಕರಲ್ಲಿ ಒಂದು ಊರಿಗೆ ಬರಬಹುದು ಅಂದರೆ ಔಷಧಿ ಹೊಡೆಯುತ್ತೇವೆ, ನಾಲ್ಕರಲ್ಲಿ ಮೂರು ಅಂದರೆ ಬಿಡುತ್ತೇವೆ.

ಇನ್ನು ‘ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ರಾಜ್ಯದಲ್ಲಿ ಭಾರಿ ಮಳೆ’ ಅನ್ನುವ ತಲೆಬರಹ. ಬಂಗಾಳಕೊಲ್ಲಿ ಏನು ಮಾಲೂರು ಕೆರೆಯಾ? ಎಲ್ಲಿ ಕುಸಿತ ಅನ್ನುವುದರ ಮೇಲೆ ನಮ್ಮ ಹಣೆಬರಹ ನಿಂತಿದೆ. ಒಡಿಶಾ ಕಡೆ ಆದರೆ ಪಡುವಣ ಗಾಳಿ ಜೋರಾಗಿ ಕರಾವಳಿ, ಕೊಡಗಿಗೆ ಸುರಿಯುತ್ತದೆ, ನಮಗೆ ಗಾಳಿ ಮತ್ತು ಮುಸುಕು ಮೋಡ ಅಷ್ಟೇ. ಅದೇ ಆಂಧ್ರದ ದಕ್ಷಿಣ ಕರಾವಳಿಗೋ ಚೆನ್ನೈ ಕಡೆಗೋ ಬಂದರೆ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಎರಡು ಮೂರು ದಿನ ಬಿಡದೆ ಹಿಡಿಯಬಹುದು. ಅದಕ್ಕೇ ಗಡಿ ಕಡೆಯ ನಮ್ಮ ಜನ ಕನ್ನಡ ಪೇಪರ್ ಮಡಚಿಟ್ಟು ಚಿತ್ತೂರು, ಮದನಪಲ್ಲಿಯ ಹವಾಮಾನ ಏನು ಅಂತ ತೆಲುಗು ಚಾನೆಲ್ ನೋಡುತ್ತಾರೆ. ನಿಮ್ಮ ನಕ್ಷೆ ರಾಜ್ಯದ ಗಡಿಗೆ ನಿಂತುಬಿಡುತ್ತದೆ, ಮೋಡ ನಿಲ್ಲಲ್ಲ.

ಉತ್ತರದಲ್ಲಿ ಮುಂಗಾರು ದುರ್ಬಲ ಅಂತ ಸುದ್ದಿ ಬಂದಾಗ ಇಲ್ಲಿಯೂ ಎಲ್ಲರೂ ಹೆದರುತ್ತಾರೆ. ಆದರೆ ಮಳೆಯ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದಾಗ ತಮಿಳುನಾಡು ಮತ್ತು ನಮ್ಮ ಆಗ್ನೇಯ ಮೂಲೆಗೆ ಸಂಜೆ ಮಳೆ ಹೆಚ್ಚುವುದೂ ಉಂಟು. ಎಲ್ಲಾ ಸಲ ಅಲ್ಲ. 2023ರ ಆಗಸ್ಟ್ ದೇಶಕ್ಕೇ 1901ರಿಂದ ಈಚೆಗೆ ಅತಿ ಒಣ ಆಗಸ್ಟ್ ಆಗಿತ್ತು, ಆ ಸೆಪ್ಟೆಂಬರ್‌ನಲ್ಲೇ ಸರ್ಕಾರ ಮೊದಲ ಪಟ್ಟಿಯಲ್ಲಿ 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಇನ್ನು ಸೆಪ್ಟೆಂಬರ್ ಮಧ್ಯದಲ್ಲಿ ರಾಜಸ್ಥಾನದಿಂದ ವಾಪಸಾತಿ ಶುರುವಾದಾಗ ‘ಮುಂಗಾರು ವಿದಾಯ’ ಅಂತ ದಪ್ಪಕ್ಷರದಲ್ಲಿ ಹಾಕುತ್ತೀರಿ. ಅಲ್ಲಿಂದ ಹೊರಟಿದ್ದು ಇಲ್ಲಿ ದಾಟುವುದು ಅಕ್ಟೋಬರ್ ಮಧ್ಯಕ್ಕೆ, ಬೆನ್ನಿಗೇ ಹಿಂಗಾರು. ಅದನ್ನು ಓದಿ ಮಳೆ ಮುಗೀತು ಅಂತ ಕೂತರೆ ಕೆಟ್ಟೆವು.

ಬೆಳೆಗಳ ಕಥೆ ಸ್ವಲ್ಪ ಹೇಳಲೇಬೇಕು. ಪಾವಗಡ, ಶಿರಾ ಕಡೆ ಕಡಲೆಕಾಯಿ ಕಾಯಿ ಕಟ್ಟುವ ಹೊತ್ತಿಗೆ ನೆಲ ಹಸಿ ಇರಲೇಬೇಕು, ಅವರಿಗೆ ಉತ್ತರೆ ಬಂದರೆ ಹಬ್ಬ. ಅದೇ ಮಳೆ ಕೋಲಾರದ ಟೊಮೆಟೊಗೆ ಅಂಗಮಾರಿ ತರುತ್ತದೆ, ಹಣ್ಣು ಬಿರಿಯುತ್ತದೆ, ಬೆಳಿಗ್ಗೆ ಹೊಡೆದ ಔಷಧಿ ಸಂಜೆಗೆ ತೊಳೆದು ಹೋಗುತ್ತದೆ. ಮುಂಚೆ ಬಿತ್ತಿದ ರಾಗಿ ತೆನೆ ಬಿಡುವಾಗ ಮೋಡ ಮತ್ತು ತುಂತುರು ಒಟ್ಟಿಗೆ ಹಿಡಿದರೆ ಬೆಂಕಿ ರೋಗ. ಶಿಡ್ಲಘಟ್ಟ, ಚಿಂತಾಮಣಿಯ ರೇಷ್ಮೆಯವರದು ಇನ್ನೂ ನಾಜೂಕು ವಿಷಯ. ನೆನೆದ ಹಿಪ್ಪುನೇರಳೆ ಸೊಪ್ಪು ಹುಳಕ್ಕೆ ಹಾಕುವ ಹಾಗಿಲ್ಲ. ಥಂಡಿ, ತೇವ ಜಾಸ್ತಿಯಾದರೆ ಸುಣ್ಣಕಟ್ಟು ರೋಗ ಬಂದು ಹಣ್ಣಾಗುವ ಹುಳ ತಟ್ಟೆಯಲ್ಲೇ ಗಟ್ಟಿಯಾಗಿ ಬಿಳಿಚಿಕೊಳ್ಳುತ್ತವೆ. ಅವರಿಗೆ ಮಳೆ ಎಷ್ಟು ಮಿ.ಮೀ. ಅನ್ನುವುದಕ್ಕಿಂತ ಎಷ್ಟು ದಿನ ಬಿಸಿಲು ಕಾಣಲ್ಲ, ತೇವಾಂಶ ಎಷ್ಟು ಅನ್ನುವುದೇ ಮುಖ್ಯ. ನಿಮ್ಮ ಪತ್ರಿಕೆಯಲ್ಲಿ ತೇವಾಂಶ ಹಾಕುವುದು ಬೆಂಗಳೂರಿಗೆ ಮಾತ್ರ.

‘ವಾಡಿಕೆ ಮಳೆ’ ಅನ್ನುವುದೂ ಒಂದು ಗೋಳು. ವಾಡಿಕೆಗಿಂತ ಶೇ 19 ಕಡಿಮೆ ಇದ್ದರೂ, 19 ಜಾಸ್ತಿ ಇದ್ದರೂ ಇಲಾಖೆಗೆ ಅದು ‘ಸಾಮಾನ್ಯ’. ಮೂರು ವಾರ ಒಣಗಿ ಒಂದೇ ರಾತ್ರಿ ಸುರಿದರೂ ತಿಂಗಳ ಲೆಕ್ಕ ಸರಿಹೋಗುತ್ತದೆ. ಬೆಳೆ ಸರಿಹೋಗಲ್ಲ. ಹಾಗಾಗಿ ಸೆಪ್ಟೆಂಬರ್‌ನಲ್ಲಾದರೂ ತಾಲೂಕುವಾರು, ಕೊನೆಯ ಹದ ಮಳೆ (ನೆಲ ಚೆನ್ನಾಗಿ ನೆನೆಯುವಷ್ಟು ಮಳೆ) ಬಿದ್ದು ಎಷ್ಟು ದಿನ ಆಯ್ತು ಅಂತ ಒಂದು ಅಂಕಿ ಹಾಕಿ. ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದ್ದಾರೆ, ಅಂಕಿಗಳಿಗೇನೂ ಬರ ಇಲ್ಲ.

ರೈತರ ಹವಾಮಾನ ಸಲಹೆಗೆ ಮೇಘದೂತ ಆಪ್ ಇದೆ, ಸಿಡಿಲಿಗೆ ದಾಮಿನಿ ಇದೆ, ವರುಣಮಿತ್ರ ಸಹಾಯವಾಣಿ ಇದೆ ಅಂತ ನೀವು ಹೇಳಬಹುದು. ಇವೆ, ಒಳ್ಳೆಯವೇ, ಕುರಿ ಮೇಯಿಸುವ ಹುಡುಗರ ಫೋನಲ್ಲಿ ದಾಮಿನಿ ಇರಲೇಬೇಕು. ಆದರೆ ಟೀ ಅಂಗಡಿಯಲ್ಲಿ ಒಂದೇ ಪೇಪರ್ ಹತ್ತು ಕೈ ದಾಟುತ್ತದೆ, ಹಿರಿಯರು ಓದುವುದು ಅದನ್ನೇ, ನಂಬುವುದೂ ಅದನ್ನೇ.

ರೈತರಿಗಾಗಿ ಕೃಷಿ ಹವಾಮಾನ ಸಲಹೆ ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಬರುತ್ತದೆ. ಮುಂದಿನ ಐದು ದಿನದ ಮಳೆ, ಗಾಳಿ, ಮೋಡ, ತೇವಾಂಶ ಎಲ್ಲಾ ಅದರಲ್ಲಿರುತ್ತದೆ. ಅದನ್ನು ಬುಧವಾರ, ಶನಿವಾರ ನಮ್ಮ ಜಿಲ್ಲೆಯ ಪುಟದಲ್ಲಿ ಹಾಕಿ. ಜಾಗ ಇಲ್ಲ ಅಂದರೆ ದಿನಭವಿಷ್ಯದಲ್ಲಿ ಎರಡು ರಾಶಿ ಕಡಿಮೆ ಮಾಡಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ (ನನ್ನ ಮನೆಯವರನ್ನು ಬಿಟ್ಟು). ಈ ವಾರವೇ ಶುರುವಾದರೆ ಒಳ್ಳೆಯದು. ಮಳೆ ಹಿಂದೆ ಬಿದ್ದು ಹೊಲ ಖಾಲಿ ಬಿಟ್ಟವರು ಹುರುಳಿ ಚೆಲ್ಲಬೇಕಾ, ಇನ್ನೊಂದು ಹದಕ್ಕೆ ಕಾಯಬೇಕಾ ಅಂತ ಈಗಲೇ ತೀರ್ಮಾನ ಮಾಡಬೇಕು.

ಇಂತಿ,
ಒಬ್ಬ ಓದುಗ ರೈತ
ಮುಳಬಾಗಿಲು ತಾಲೂಕು, ಕೋಲಾರ ಜಿಲ್ಲೆ