ಒಣ ಹವೆ ಅಂತ ಗಾಡಿ ಹಾಗೇ ಬಿಟ್ಟು ಹೋಗ್ಬೇಡಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣೀಲಿ ಅಮೆರಿಕದ ಮೋಟರ್‌ಹೋಮ್, ಅಂದ್ರೆ ಅಡುಗೆ, ಮಲಗೋದು ಎಲ್ಲಾ ಒಳಗೇ ಆಗೋ ಮನೆಗಾಡಿ ಪ್ರವಾಸದ ಬರಹ ಓದ್ದೆ, ಚೆನ್ನಾಗಿತ್ತು. ಆದ್ರೆ ಅರಿಝೋನದಲ್ಲಿ ಹವೆ ಒಣ, ತುಕ್ಕು ಹಿಡಿಯಲ್ಲ, ಬೇಸಿಗೇಲಿ ಬೀಗ ಹಾಕಿ ನಿಲ್ಲಿಸಿದ್ರೆ ಸಾಕು ಅಂತ ಒಂದು ಮಾತು ಬಂದಿದೆಯಲ್ಲ, ಅದೇ ಮಾತು ನಂಬ್ಕೊಂಡು ಕೈ ಸುಟ್ಕೊಂಡೋನು ನಾನು, ಅದಕ್ಕೇ ಈ ಪತ್ರ.

ನಾನು ಬಳ್ಳಾರಿಯೋನು, ಈಗ ಫೀನಿಕ್ಸ್ ಪಕ್ಕದ ಮೇಸಾದಲ್ಲಿದೀನಿ. ಬಿಸಿಲು ನನಗೇನು ಹೊಸದಾ ಅಂದ್ಕೊಂಡಿದ್ದೆ. 2023ರ ಮೇ ಕೊನೇಲಿ ಮಕ್ಕಳ ರಜಾ ಅಂತ ಊರಿಗೆ ಹೊರಟಾಗ ನಮ್ಮ ಸೆಕೆಂಡ್‌ಹ್ಯಾಂಡ್ ಟ್ರೇಲರನ್ನ, ಅಂದ್ರೆ ಬೇರೆ ಗಾಡಿ ಹಿಂದೆ ಕಟ್ಟಿ ಎಳೆಯೋ ಮನೆಗಾಡೀನ, ಯಾರ್ಡಲ್ಲಿ ನಿಲ್ಲಿಸಿ ಕಿಟಕಿ ಎಲ್ಲಾ ಬಿಗಿಯಾಗಿ ಮುಚ್ಚಿ ಹೋದೆ. ಆ ವರ್ಷ ಜೂನ್ 30ರಿಂದ ಜುಲೈ 30ರವರೆಗೆ ಒಂದೇ ಸಮ 31 ದಿನ ಫೀನಿಕ್ಸಲ್ಲಿ ದಿನದ ಗರಿಷ್ಠ ಶಾಖ 110 ಫ್ಯಾರನ್‌ಹೀಟ್, ಅಂದ್ರೆ ನಮ್ಮ ಲೆಕ್ಕದಲ್ಲಿ 43 ಡಿಗ್ರಿಗೆ ಕಮ್ಮಿ ಆಗ್ಲೇ ಇಲ್ಲ. ಹೊರಗೇ ಅಷ್ಟಿದ್ರೆ ಮುಚ್ಚಿದ ಗಾಡಿ ಒಳಗೆ 60 ದಾಟೋದು ದೊಡ್ಡ ವಿಷಯ ಅಲ್ಲ. ಅಕ್ಟೋಬರಲ್ಲಿ ಬಾಗಿಲು ತೆಗೆದ್ರೆ ಗಟಾರದ ವಾಸನೆ, ಬ್ಯಾಟರಿ ಸತ್ತಿದೆ, ಅಲ್ಮೇರಾದ ಪ್ಲೈವುಡ್ ಬಾಗಿ ಬಿಟ್ಕೊಂಡಿದೆ. ಅದೆಲ್ಲ ಸರಿ ಮಾಡ್ಸಿ ಫ್ಲ್ಯಾಗ್‌ಸ್ಟಾಫ್ ಕಡೆ ಹೊರಟ್ವಿ, ಹೈವೇ 17ರ ಏರಲ್ಲಿ ಟೈರ್ ಢಮಾರ್.

ಆ ಟೈರ್ ನೋಡೋಕೆ ಹೊಸದರ ಥರ ಇತ್ತು ಸ್ವಾಮಿ, ಅದೇ ಮೋಸ. ಟೈರಿನ ಪಕ್ಕೆ ಮೇಲೆ ನಾಲ್ಕು ಅಂಕಿ ಇರುತ್ತೆ, ನಮ್ಮದ್ರಲ್ಲಿ 2316 ಅಂತಿತ್ತು, ಅಂದ್ರೆ 2016ರ 23ನೇ ವಾರ ತಯಾರಾಗಿದ್ದು, ಏಳು ವರ್ಷದ ಮುದುಕ. ಕಾರಿನ ಟೈರ್ ಓಡಿ ಓಡಿ ಸವೆಯುತ್ತೆ, ಟ್ರೇಲರ್ ಟೈರ್ ನಿಂತಲ್ಲೇ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತೆ. ಈಗ ಬಿಳಿ ಕವರ್ ಹೊದಿಸ್ತೀನಿ, ಸರಿಯಾಗಿ ಗಾಳಿ ತುಂಬಿಸಿ ಕೆಳಗೆ ಹಲಗೆ ಕೊಟ್ಟು ನಿಲ್ಲಿಸ್ತೀನಿ.

ವಾಸನೆ ಕಥೆ ಕೇಳಿ. ಸಿಂಕ್ ಕೆಳಗಿನ ಪೈಪ್ ಬಗ್ಗಿರೋ ಕಡೆ ಒಂದಿಷ್ಟು ನೀರು ನಿಂತಿರುತ್ತಲ್ಲ, ಅದೇ ಕೊಳಚೆ ಟ್ಯಾಂಕಿನ ಗಾಳಿ ಒಳಗೆ ಬರದಂಗೆ ತಡೆಯೋದು, ಈ ಒಣ ಹವೇಲಿ ಆ ನೀರು ಆವಿಯಾಗಿ ಹೋಗುತ್ತೆ. ಚಳಿ ದೇಶದೋರು ಪೈಪ್ ಒಡೀದೇ ಇರ್ಲಿ ಅಂತ ಹಾಕೋ ಗುಲಾಬಿ ಬಣ್ಣದ ಆಂಟಿಫ್ರೀಝ್ ಇದೆಯಲ್ಲ, ಅದನ್ನೇ ಇಲ್ಲಿ ಬೇಸಿಗೇಲಿ ಹಾಕ್ತಾರೆ, ಯಾಕಂದ್ರೆ ಅದು ಬೇಗ ಆರಲ್ಲ! ಮೊದಲು ಕೇಳ್ದಾಗ ತಮಾಷೆ ಅನ್ಕೊಂಡೆ. ಕಕ್ಕಸಿನ ಟ್ಯಾಂಕನ್ನಂತೂ ಎರಡು ಮೂರು ಸಲ ತೊಳೆದು ಖಾಲಿ ಮಾಡ್ಲೇಬೇಕು, ಉಳಿದಿದ್ದು ಸಿಮೆಂಟ್ ಥರ ಗಟ್ಟಿ ಆಗುತ್ತೆ, ಜಾಸ್ತಿ ವರ್ಣನೆ ಬೇಡ.

ಮರ ಬಿರಿಯದಂಗೆ ಒಳಗೆ ಬಕೆಟಲ್ಲಿ ನೀರಿಟ್ಟು ಹೋಗೋದು ಇಲ್ಲಿಯವರ ರೂಢಿ. ನಮ್ಮಜ್ಜಿ ಬೇಸಿಗೇಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸ್ತಿದ್ರು, ಅದು ನಮಗೆ ತಂಪಾಗ್ಲಿ ಅಂತ, ಇದು ಪ್ಲೈವುಡ್‌ಗೆ ಅಷ್ಟೇ. ಕಿಟಕಿಗೆಲ್ಲ ಬೆಳ್ಳಿ ಬಣ್ಣದ ಶೀಟ್ ಹಾಕಿ, ಚಾವಣಿಯ ಗಾಳಿಕಿಂಡಿ ಮೇಲೆ ಮಳೆ ತಡೆಯೋ ಮುಚ್ಚಳ ಇದ್ರೆ ಆ ಕಿಂಡೀನ ಸ್ವಲ್ಪ ತೆರೆದಿಡಿ. ಚಾವಣಿ ಕೀಲುಗಳ ಅಂಟನ್ನ ಹೋಗೋ ಮುಂಚೇನೇ ಏಣಿ ಹತ್ತಿ ನೋಡಿ, ಮರುಭೂಮಿ ಅಂತ ಮಳೆ ಬರಲ್ಲ ಅಂದ್ಕೋಬೇಡಿ, ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೂ ಇಲ್ಲೂ ಮಾನ್ಸೂನ್ ಅಂತಾನೇ ಕರೀತಾರೆ, ಗೋಡೆ ಥರ ಧೂಳು ಎದ್ದು ಬಂದು ಹಿಂದೇನೇ ಮಳೆ ಹೊಡೆಯುತ್ತೆ.

ಫ್ರಿಜ್ ಖಾಲಿ ಮಾಡಿ ಬಾಗಿಲು ಮುಚ್ಚಿಕೊಳ್ಳದಂಗೆ ಬಟ್ಟೆ ಸಿಕ್ಕಿಸಿಡಿ. ಲೈಟರ್, ಸ್ಪ್ರೇ ಡಬ್ಬಿ, ಸೋಡಾ ಕ್ಯಾನ್, ಮಾತ್ರೆ ಒಂದೂ ಒಳಗೆ ಬೇಡ. ಗ್ಯಾಸ್ ವಾಲ್ವ್ ಬಂದ್ ಮಾಡಿ, ಸಿಲಿಂಡರನ್ನ 80 ಪರ್ಸೆಂಟ್‌ಗಿಂತ ಜಾಸ್ತಿ ತುಂಬ್ಸಲ್ಲ, ಬಿಸಿಗೆ ಒಳಗಿನ ದ್ರವ ಹಿಗ್ಗೋಕೆ ಜಾಗ ಬೇಕು. ಬ್ಯಾಟರಿ ಹಳೇ ಆಸಿಡ್ ಥರದ್ದಾದ್ರೆ ಪೂರ್ತಿ ಚಾರ್ಜ್ ಮಾಡಿ ವೈರ್ ಬಿಚ್ಚಿ, ಸಾಧ್ಯವಾದ್ರೆ ಮನೆಗೇ ತಗೊಂಡ್ಹೋಗಿ, ಲಿಥಿಯಂ ಆದ್ರೆ ಉಲ್ಟಾ, ಅರ್ಧದಷ್ಟು ಚಾರ್ಜಲ್ಲಿ ಇಡೋದು ವಾಸಿ. ಮರುಭೂಮಿ ಇಲಿಗಳು ವೈರ್ ಕಡೀತವೆ, ಸಣ್ಣ ತೂತಿಗೂ ಜಾಲರಿ ತುರುಕಿ.

ಕೊನೇದಾಗಿ, ಏನೇನು ಆಫ್ ಮಾಡಿದೀನಿ ಅಂತ ಚೀಟಿ ಬರೆದು ಬಾಗಿಲಿಗೇ ಅಂಟಿಸ್ತೀನಿ. ಬಿಸಿನೀರಿನ ಟ್ಯಾಂಕ್ ಖಾಲಿ ಮಾಡಿದ್ದು ಐದು ತಿಂಗಳಾದ್ಮೇಲೆ ಯಾರಿಗೆ ನೆನಪಿರುತ್ತೆ, ಹಾಗೇ ಸ್ವಿಚ್ ಹಾಕಿದ್ರೆ ಕಾಯಿಲ್ ಸುಟ್ಟೋಗುತ್ತೆ, ಅದೂ ನಮ್ಮನೇಲಿ ಒಂದ್ಸಲ ಆಗಿದೆ.

ಇತಿ,
ಬಳ್ಳಾರಿ ಮೂಲದ ನಿಮ್ಮ ಓದುಗ
ಮೇಸಾ, ಅರಿಝೋನ